ಸಿಗಲಿಲ್ಲ ಎಂದರೆ ಇಲ್ಲವೆಂದಲ್ಲ
(ಕನ್ನಡ ಮಾಧ್ಯಮ ಶಾಲೆಗಳ ರಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂದು ನಾನು ಮಾತನಾಡಬೇಕೆಂದಿರುವ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ತಂತ್ರಾಂಶ ಬರೆಯುವವರು ದಿನನಿತ್ಯ ಬಳಸುವ ಕೆಲವು ಮುಕ್ತ ಸಲಕರಣೆಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದು ನನ್ನ ಉದ್ದೇಶ. ಇದು ಎಂಜಿನಿಯರುಗಳ ಸಭೆಯ ಮಾತಲ್ಲವೇ, ರಕ್ಷಕರಿಗೆ ಇದರಿಂದ ಏನಾಗಬೇಕು ಎಂದು ನೀವು ಕೇಳಬಹುದು. ಆಗಬೇಕಾದ್ದು ಇದೆ. ಅದಕ್ಕೆ ಕಾರಣವಾದ ಎರಡು ಸಂಗತಿಗಳನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದು ಒಬ್ಬ ತಾಯಿ ಕೇಳಿದ ಪ್ರಶ್ನೆ. "ಅಣ್ಣಾ, ಮಗಳು ಏಳನೆಯದರಲ್ಲಿದ್ದಾಳೆ. ಕಂಪ್ಯೂಟರ್ ಕಲಿಯಬೇಕಾದರೆ ಮುಂದಿನ ವರ್ಷ ಇಂಗ್ಲಿಷ್ ಮೀಡಿಯಮ್ಮಿಗೇ ಹಾಕಬೇಕು ಅಂತಾರೆ, ಹೌದಾ?" ಈ ಪ್ರಶ್ನೆ ಕಾಸರಗೋಡಿನಲ್ಲಿ ಕೇಳಿಬರುತ್ತದೆ, ತಾಳವಾಡಿಯಲ್ಲಿ ಕೇಳಿಬರುತ್ತದೆ, ಅಕ್ಕಲಕೋಟೆಯಲ್ಲಿಯೂ ಕೇಳಿಬರುತ್ತದೆ. ಎಷ್ಟೋ ಮನೆಗಳಲ್ಲಿ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವ ಮಾತು ಶುರುವಾಗುವುದೇ ಇಲ್ಲಿಂದ.

ಎರಡನೆಯದು ನನ್ನದೇ ತಪ್ಪು. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ತಂತ್ರಾಂಶ ಬರೆಯುವುದೇ ನನ್ನ ವೃತ್ತಿ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಶಾಲೆಯ ರಕ್ಷಕರು ಮನವಿಯೊಂದನ್ನು ಸಿದ್ಧಪಡಿಸುತ್ತಿದ್ದರು. ಕಂಪ್ಯೂಟರ್ ಪಾಠಕ್ಕೆ ಕನ್ನಡ ಬಲ್ಲ ಅಧ್ಯಾಪಕರು ಬೇಕು ಎಂಬುದು ಕೋರಿಕೆ. ಹಿಂದೆ ಇದೇ ವಿಷಯ ಬರೆದ ಪತ್ರಗಳಿವೆಯೇ ನೋಡಿ ಎಂದು ಹಳೆಯ ಕಡತಗಳೆಲ್ಲ ಇದ್ದ ಪೆನ್ ಡ್ರೈವನ್ನು ನನ್ನ ಕೈಗೆ ಕೊಟ್ಟರು. ನಾನು ಯಂತ್ರದಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. "ಅಂಥ ಪತ್ರ ಇಲ್ಲ" ಎಂದು ಸಭೆಗೆ ಹೇಳಿದೆ. "ಮೊದಲ ಬಾರಿಗೆ ಕೇಳಿಕೊಳ್ಳುತ್ತಿದ್ದೇವೆ" ಎಂದು ಬರೆದು ಮನವಿ ಕಳಿಸಿದರು. ಆಮೇಲೆ ಹಿರಿಯರೊಬ್ಬರ ಮನೆಯ ಕಪಾಟಿನಲ್ಲಿ ಹಳೆಯ ಪತ್ರಗಳ ಪ್ರತಿ ಸಿಕ್ಕಿತು. ಒಂದಲ್ಲ, ಮೂರು ಬಾರಿ ಅದೇ ಕೋರಿಕೆ ಹೋಗಿತ್ತು. ಆ ಮೂರೂ ಪತ್ರಗಳು ನನ್ನ ಕೈಯಲ್ಲಿದ್ದ ಪೆನ್ ಡ್ರೈವಿನಲ್ಲಿಯೇ ಇದ್ದವು.

ಯಂತ್ರ ಸುಳ್ಳು ಹೇಳಿರಲಿಲ್ಲ. ತನಗೆ ಕಾಣಲಿಲ್ಲ ಎಂದಿತ್ತು, ಅಷ್ಟೆ. ಅದನ್ನು "ಇಲ್ಲ" ಎಂದು ತಿಳಿದುಕೊಂಡವನು ನಾನು. ಭಾಷಾ ಅಲ್ಪಸಂಖ್ಯಾತರಾದ ನಮಗೆ ಈ ವ್ಯತ್ಯಾಸ ಸಣ್ಣದಲ್ಲ. ನಮ್ಮ ಮಕ್ಕಳ ಸಂಖ್ಯೆ, ನಮ್ಮ ಪತ್ರಗಳು, ನಮಗೆ ಬಂದ ಆದೇಶಗಳು, ಇವೇ ನಮ್ಮ ಆಧಾರ. ಅವು ಯಂತ್ರಕ್ಕೆ ಕಾಣದಿದ್ದರೆ ಕಚೇರಿಗೂ ಕಾಣುವುದಿಲ್ಲ.

ಈಗ ಸಲಕರಣೆಗಳ ವಿಷಯಕ್ಕೆ ಬರೋಣ. ಕಂಪ್ಯೂಟರಿನಲ್ಲಿ ಚಿತ್ರ ಒತ್ತಿ ಕೆಲಸ ಮಾಡಿಸುವುದು ಒಂದು ಬಗೆ. ಟರ್ಮಿನಲ್ ಎಂಬ ಬರಿಯ ಕಿಟಕಿಯಲ್ಲಿ ಒಂದು ಸಾಲು ಬರೆದು ಕೆಲಸ ಮಾಡಿಸುವುದು ಇನ್ನೊಂದು ಬಗೆ. ಈ ಸಾಲಿಗೆ ಆಜ್ಞೆ ಎನ್ನೋಣ. ಸಾವಿರ ಕಡತಗಳಲ್ಲಿ ಒಂದು ಪದ ಹುಡುಕುವುದು, ಎಣಿಸುವುದು, ಪಟ್ಟಿಯನ್ನು ಅಕ್ಷರ ಕ್ರಮದಲ್ಲಿ ಜೋಡಿಸುವುದು, ಇಂಥ ಕೆಲಸಗಳಿಗೆ ಒಂದೊಂದು ಪುಟ್ಟ ಸಲಕರಣೆ ಇದೆ. ಇವುಗಳಲ್ಲಿ ಬಹುಪಾಲು ಮುಕ್ತ ತಂತ್ರಾಂಶಗಳು. ಎಂದರೆ ಹಣ ಕೊಡದೆ ಬಳಸಬಹುದು, ಒಳಗೆ ಹೇಗೆ ಬರೆದಿದೆ ಎಂದು ಓದಿ ನೋಡಬಹುದು, ನಮಗೆ ಬೇಕಾದಂತೆ ತಿದ್ದಬಹುದು, ಇನ್ನೊಂದು ಶಾಲೆಗೆ ಹಂಚಬಹುದು.

ಇವುಗಳ ಹೆಸರುಗಳನ್ನು ಕೇಳಿ. ಹುಡುಕುವ ಸಲಕರಣೆಯ ಹೆಸರು ಗ್ರೆಪ್. ಇದನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಬರೆದರು. 1973ರಲ್ಲಿ ಅದು ಯುನಿಕ್ಸ್ ವ್ಯವಸ್ಥೆಯ ಜೊತೆಗೆ ಹೊರಬಂತು. ಗ್ರೆಪ್ ಎಂಬ ಪದ ಆಗ ಯಾವ ಇಂಗ್ಲಿಷ್ ನಿಘಂಟಿನಲ್ಲಿಯೂ ಇರಲಿಲ್ಲ. ಅದಕ್ಕೂ ಹಿಂದಿನ ಒಂದು ಸಲಕರಣೆಯಲ್ಲಿ ಬರೆಯುತ್ತಿದ್ದ ಜಿ, ಆರ್‌ಇ, ಪಿ ಎಂಬ ಆಜ್ಞೆಯ ಅಕ್ಷರಗಳು ಸೇರಿ ಆದ ಹೆಸರು ಅದು. ಆಕ್ ಎಂಬ ಇನ್ನೊಂದು ಸಲಕರಣೆ ಇದೆ. ಅದು ಆಹೋ, ವೈನ್‌ಬರ್ಗರ್, ಕರ್ನಿಹಾನ್ ಎಂಬ ಮೂವರು ಕರ್ತೃಗಳ ಹೆಸರಿನ ಮೊದಲ ಅಕ್ಷರಗಳು. ಇಂಗ್ಲಿಷ್ ಮಾಧ್ಯಮದ ಮಗುವಿಗೂ ಇವು ಹೊಸವೇ, ನಮ್ಮ ಮಗುವಿಗೂ ಹೊಸವೇ. ಆ ತಾಯಿಗೆ ನಾನು ಕೊಡುವ ಉತ್ತರದ ಮೊದಲ ಭಾಗ ಇದು. ಶುರುಮಾಡಲು ಬೇಕಾದ ಆಜ್ಞೆಗಳು ಮೂವತ್ತು ನಲವತ್ತು ಇದ್ದಾವು. ಎಂಟನೆಯ ತರಗತಿಯ ಮಗು ಅವನ್ನು ಒಂದು ತಿಂಗಳಲ್ಲಿ ಕೈಗೂಡಿಸಿಕೊಳ್ಳುತ್ತದೆ. ಅದಕ್ಕಾಗಿ ಗಣಿತವನ್ನೂ ವಿಜ್ಞಾನವನ್ನೂ ತಿಳಿಯದ ಭಾಷೆಯಲ್ಲಿ ಓದಬೇಕಾಗಿಲ್ಲ. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಯಲಿ, ಬೇಡವೆನ್ನುವುದಿಲ್ಲ. ಸಲಕರಣೆಗಳ ಕೈಪಿಡಿ ಓದಲು ಅದು ಬೇಕೇ ಬೇಕು. ಭಾಷೆ ಕಲಿಯುವುದು ಬೇರೆ, ಮಾಧ್ಯಮ ಬದಲಿಸುವುದು ಬೇರೆ.

ಈಗ ಹೋಲಿಕೆ. ಗ್ರೆಪ್ ಬಂದು ಐವತ್ತು ವರ್ಷ ದಾಟಿದೆ. ಇಂದು ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಗ್ನೂ ಯೋಜನೆಯವರು ಹೊಸದಾಗಿ ಬರೆದ ಗ್ರೆಪ್. ಅದರ ಕೆಲಸವನ್ನೇ ಮಾಡುವ ಬೇರೆ ಸಲಕರಣೆಗಳೂ ಬಂದಿವೆ. 2005ರಲ್ಲಿ ಪರ್ಲ್ ಭಾಷೆಯಲ್ಲಿ ಬರೆದ ಆ್ಯಕ್ ಬಂತು. 2011ರಲ್ಲಿ ವೇಗವೇ ಗುರಿಯಾದ ಸಿಲ್ವರ್ ಸರ್ಚರ್ ಬಂತು. 2016ರಲ್ಲಿ ಆಂಡ್ರ್ಯೂ ಗ್ಯಾಲಂಟ್ ಎಂಬವರು ರಸ್ಟ್ ಭಾಷೆಯಲ್ಲಿ ರಿಪ್‌ಗ್ರೆಪ್ ಬರೆದರು. ತಂತ್ರಾಂಶ ಬರೆಯುವವರು ಇವನ್ನು ಹೋಲಿಸುವಾಗ ಮುಖ್ಯವಾಗಿ ನೋಡುವುದು ವೇಗವನ್ನು. ಲಕ್ಷಗಟ್ಟಲೆ ಕಡತಗಳಿದ್ದಲ್ಲಿ ರಿಪ್‌ಗ್ರೆಪ್ ಸಾಮಾನ್ಯವಾಗಿ ಮುಂದೆ. ಆದರೆ ಒಂದು ಶಾಲೆಯ ಕೆಲವು ನೂರು ಕಡತಗಳಲ್ಲಿ ಈ ವ್ಯತ್ಯಾಸ ಕಣ್ಣು ಮಿಟುಕಿಸುವಷ್ಟೂ ಇಲ್ಲ. ನಮಗೆ ಬೇಕಾದ ಅಳತೆ ವೇಗವಲ್ಲ. ಈ ಸಲಕರಣೆ ಕನ್ನಡವನ್ನು ಸರಿಯಾಗಿ ಕಾಣುತ್ತದೆಯೇ, ಅದು ಮುಖ್ಯ. ಅಂಗಡಿಯ ತಕ್ಕಡಿ ಸರಿಯಿದೆಯೇ ನೋಡಲು ತೂಕ ಗೊತ್ತಿರುವ ಬಟ್ಟನ್ನು ಇಟ್ಟು ನೋಡುತ್ತೇವಲ್ಲ, ಹಾಗೆ ನಮಗೆ ಗೊತ್ತಿರುವ ಪದಗಳನ್ನು ಇಟ್ಟು ನೋಡೋಣ. ಐದು ಪರೀಕ್ಷೆ ಹೇಳುತ್ತೇನೆ. ಇವನ್ನು ನಿಮ್ಮ ಮಕ್ಕಳು ಶಾಲೆಯ ಯಂತ್ರದಲ್ಲಿಯೇ ಮಾಡಿ ನೋಡಬಹುದು.

ಮೊದಲನೆಯದು ಎಣಿಕೆ. "ಕನ್ನಡ" ಎಂಬ ಪದದಲ್ಲಿ ಎಷ್ಟು ಅಕ್ಷರ? ಒಂದನೆಯ ತರಗತಿಯ ಮಗು ಮೂರು ಎನ್ನುತ್ತದೆ: ಕ, ನ್ನ, ಡ. ಈಗ ಎಣಿಸುವ ಸಲಕರಣೆಯಾದ ಡಬ್ಲ್ಯೂಸಿಯನ್ನು ಕೇಳಿ. ಅಡ್ಡಗೆರೆ ಹಾಕಿ ಸಿ ಎಂದು ಬರೆದರೆ, ಸಾಲಿನ ಕೊನೆಯ ಗುರುತನ್ನು ಬಿಟ್ಟು, 15 ಎನ್ನುತ್ತದೆ. ಅಡ್ಡಗೆರೆ ಹಾಕಿ ಎಂ ಎಂದು ಬರೆದರೆ, ಯಂತ್ರದ ಭಾಷಾ ಹೊಂದಿಕೆ ಸರಿಯಾಗಿದ್ದಲ್ಲಿ, 5 ಎನ್ನುತ್ತದೆ. ಎರಡೂ ತಪ್ಪಲ್ಲ, ಎರಡೂ ನಾವು ಕೇಳಿದ್ದಕ್ಕೆ ಉತ್ತರವೂ ಅಲ್ಲ. ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದಲ್ಲಿ ಕ, ನ, ವಿರಾಮ ಚಿಹ್ನೆ, ಮತ್ತೆ ನ, ಡ ಎಂದು ಐದು ಸಂಕೇತಗಳು. ಒಂದೊಂದನ್ನು ಯಂತ್ರದೊಳಗೆ ಇಡಲು ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್ ಬೇಕು. ಅದಕ್ಕೇ 15.

ಇಲ್ಲಿ ಇನ್ನೊಂದು ಮಾತಿದೆ. ಓದುಗರು ಒಂದು ಅಕ್ಷರವೆಂದು ಎಣಿಸುವುದನ್ನು ಗುರುತಿಸಲು ಯೂನಿಕೋಡ್‌ನವರೇ ಒಂದು ನಿಯಮ ಮಾಡಿದ್ದಾರೆ. 2023ರಲ್ಲಿ ಬಂದ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಆಗಿ ಎಣಿಸುವ ನಿಯಮವನ್ನು ಸೇರಿಸಿದರು. ಆ ನಿಯಮ ಅನ್ವಯಿಸುವ ಲಿಪಿಗಳ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಆ ನಿಯಮದಂತೆ ಎಣಿಸುವ ತಂತ್ರಾಂಶಕ್ಕೆ "ಕನ್ನಡ" ಎಂಬುದು ನಾಲ್ಕು ಅಕ್ಷರ. ಒಂದೇ ಪದಕ್ಕೆ 15, 5, 4 ಎಂದು ಮೂರು ಉತ್ತರ ಬಂತು. ಮಗು ಹೇಳಿದ ಮೂರು ಮಾತ್ರ ಬರಲಿಲ್ಲ. ಇದನ್ನು ಹಗೆತನವೆಂದು ಯಾರೂ ತಿಳಿಯಬಾರದು. ಯೂನಿಕೋಡ್ ಸಂಸ್ಥೆ ತನ್ನ ಕರಡುಗಳ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಕನ್ನಡ ಬಲ್ಲವರು ನೋಡಿ, ಎಣಿಸಿ, ಬರೆದು ತಿಳಿಸಬೇಕು. ಅದಕ್ಕೆ ಕನ್ನಡವನ್ನು ಅಕ್ಷರ ಅಕ್ಷರವಾಗಿ ಕಲಿತ ಮಕ್ಕಳು ಬೇಕು.

ಎರಡನೆಯ ಪರೀಕ್ಷೆ ಹುಡುಕಾಟ. ನಾನು ಎಡವಿದ್ದು ಇಲ್ಲಿಯೇ. ನಮ್ಮ ಕಡತಗಳಲ್ಲಿ ಕನ್ನಡ ಮೂರು ಬಗೆಯಲ್ಲಿ ಇರುತ್ತದೆ. ಒಂದು, ಇಂದಿನ ಯುಟಿಎಫ್-8. ಇದರಲ್ಲಿ ಗ್ರೆಪ್ ಕೂಡ ಹುಡುಕುತ್ತದೆ, ರಿಪ್‌ಗ್ರೆಪ್ ಕೂಡ ಹುಡುಕುತ್ತದೆ. ಎರಡು, ವಿಂಡೋಸ್ ಯಂತ್ರದ ನೋಟ್‌ಪ್ಯಾಡಿನಲ್ಲಿ ಹಿಂದೆ "ಯೂನಿಕೋಡ್" ಎಂದು ಆರಿಸಿ ಉಳಿಸಿದ ಕಡತಗಳು. ಇವು ಯುಟಿಎಫ್-16 ಎಂಬ ಬೇರೆ ಪದ್ಧತಿಯಲ್ಲಿ ಇರುತ್ತವೆ. ಇಲ್ಲಿ ಗ್ರೆಪ್‌ಗೆ ಕನ್ನಡ ಪದ ಕಾಣುವುದಿಲ್ಲ. ರಿಪ್‌ಗ್ರೆಪ್ ಕಡತದ ತಲೆಯಲ್ಲಿರುವ ಗುರುತನ್ನು ಓದಿ, ಪದ್ಧತಿಯನ್ನು ಅರಿತು, ಪದವನ್ನು ಹುಡುಕಿ ಕೊಡುತ್ತದೆ. ನಮ್ಮ ಮಟ್ಟಿಗೆ ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಇದು.

ಮೂರನೆಯ ಬಗೆ ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತದಲ್ಲಿ ಬರೆದವು. ಕನ್ನಡವನ್ನು ಕಂಪ್ಯೂಟರಿಗೆ ತಂದ ದೊಡ್ಡ ಉಪಕಾರ ಆ ತಂತ್ರಾಂಶಗಳದು, ಅದನ್ನು ಮರೆಯಬಾರದು. ಆದರೆ ಆ ಹಳೆಯ ಕಡತಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ನಮ್ಮ ಕಡೆಯವರಿಗೆ ಹೇಳಬೇಕಾದರೆ, ಅದು ವೇಷ ಕಟ್ಟಿದ ಹಾಗೆ. ಫಾಂಟ್ ಎಂಬ ವೇಷ ಕಳಚಿದರೆ ಒಳಗಿರುವವನು ಬೇರೆ. ಇಂಥ ಕಡತದಲ್ಲಿ ಗ್ರೆಪ್‌ಗೂ ರಿಪ್‌ಗ್ರೆಪ್‌ಗೂ "ಕನ್ನಡ" ಸಿಗುವುದಿಲ್ಲ. ನನ್ನ ಮೂರು ಪತ್ರಗಳೂ ಇದೇ ಬಗೆಯವು. ಇವನ್ನು ಮೊದಲು ಪರಿವರ್ತಕದ ಮೂಲಕ ಯೂನಿಕೋಡಿಗೆ ತರಬೇಕು, ಆಮೇಲೆ ಹುಡುಕಬೇಕು. ನಿಮ್ಮ ಶಾಲೆಯ, ಸಂಘದ ಹಳೆಯ ಕಡತಗಳಿದ್ದರೆ ಈ ಕೆಲಸವನ್ನು ಈ ರಜೆಯಲ್ಲೇ ಮಾಡಿ ಮುಗಿಸಿ. ಮೂಲ ಕಡತವನ್ನು ಅಳಿಸಬೇಡಿ, ಎರಡನ್ನೂ ಇಟ್ಟುಕೊಳ್ಳಿ.

ರಿಪ್‌ಗ್ರೆಪ್ ಎಂದರೆ ಎಲ್ಲವೂ ಸರಿ ಎಂದೂ ತಿಳಿಯಬೇಡಿ. ಅದು ತಾನಾಗಿಯೇ ಕೆಲವು ಕಡತಗಳನ್ನು ಬಿಟ್ಟುಬಿಡುತ್ತದೆ: ಹೆಸರಿನ ಮೊದಲು ಚುಕ್ಕಿಯಿರುವ ಅಡಗಿದ ಕಡತಗಳು, ಬಿಡಬೇಕಾದವುಗಳ ಪಟ್ಟಿಯಲ್ಲಿ ಬರೆದಿಟ್ಟ ಕಡತಗಳು, ಬರಹವಲ್ಲವೆಂದು ಅದಕ್ಕೆ ತೋರಿದ ಕಡತಗಳು. ತಂತ್ರಾಂಶ ಬರೆಯುವವರಿಗೆ ಇದು ಅನುಕೂಲ. ದಾಖಲೆ ಹುಡುಕುವವರು ಮಾತ್ರ ಯಾವುದನ್ನೂ ಬಿಡಬೇಡ ಎಂದು ಹೇಳಿ ಹುಡುಕಿಸಬೇಕು. ಆಜ್ಞೆಗೆ ಅಡ್ಡಗೆರೆ ಹಾಕಿ ಯು ಎಂಬ ಅಕ್ಷರವನ್ನು ಮೂರು ಸಲ ಬರೆದರೆ ಅದು ಎಲ್ಲವನ್ನೂ ನೋಡುತ್ತದೆ. ಇನ್ನು ಅಂಕಿಗಳು. ನಮ್ಮ ಹಳೆಯ ಮನವಿಗಳಲ್ಲಿ ೧೯೫೬ ಎಂದೂ ಇದೆ, 1956 ಎಂದೂ ಇದೆ. "ಯಾವುದಾದರೂ ಅಂಕಿ" ಎಂಬ ಗುರುತು ಕೊಟ್ಟರೆ ರಿಪ್‌ಗ್ರೆಪ್ ಕನ್ನಡ ಅಂಕಿಯನ್ನೂ ಅಂಕಿಯೆಂದೇ ತಿಳಿಯುತ್ತದೆ. ಸೊನ್ನೆಯಿಂದ ಒಂಬತ್ತು ಎಂದು ಇಂಗ್ಲಿಷ್ ಅಂಕಿಯಲ್ಲಿ ಬರೆದು ಹುಡುಕಿದರೆ ಕನ್ನಡ ಅಂಕಿಯ ಇಸವಿಗಳು ಯಾವ ಸಲಕರಣೆಯಲ್ಲೂ ಕೈತಪ್ಪಿ ಹೋಗುತ್ತವೆ.

ಮೂರನೆಯ ಪರೀಕ್ಷೆ ಪದದ ಗಡಿ. ಇಡೀ ಪದವನ್ನು ಮಾತ್ರ ಹುಡುಕು ಎಂದು ಸಲಕರಣೆಗೆ ಹೇಳಬಹುದು. ಆಗ ಅದು ಪದ ಎಲ್ಲಿ ಮುಗಿಯಿತು ಎಂದು ತಾನೇ ತೀರ್ಮಾನಿಸಬೇಕು. "ಕನ್ನಡ" ಎಂಬ ಒಂದೇ ಪದವಿರುವ ಕಡತದಲ್ಲಿ "ಕನ" ಎಂಬ ಇಡೀ ಪದವನ್ನು ಹುಡುಕಿಸಿ. ಸಿಗಬಾರದು. ರಿಪ್‌ಗ್ರೆಪ್‌ನಲ್ಲಿ ಸಿಗುವುದಿಲ್ಲ, ಏಕೆಂದರೆ ಸ್ವರಚಿಹ್ನೆಗಳೂ ವಿರಾಮವೂ ಪದದ ಭಾಗವೇ ಎಂದು ಅದು ಬಲ್ಲದು. ಶಾಲೆಗಳಲ್ಲಿ ಈಗ ಕಲಿಸುವ ಪೈಥಾನ್ ಭಾಷೆಯ ಜೊತೆಗೆ ಬರುವ ಹುಡುಕಾಟದ ಭಾಗ ಹಾಗಲ್ಲ. ಪದಗಳನ್ನು ಬಿಡಿಸು ಎಂದರೆ ಅದು "ಕನ್ನಡ"ವನ್ನು "ಕನ" ಮತ್ತು "ನಡ" ಎಂದು ಎರಡು ತುಂಡು ಮಾಡುತ್ತದೆ. ನಡುವಿನ ವಿರಾಮ ಚಿಹ್ನೆ ಅದಕ್ಕೆ ಗಡಿಯಾಗಿ ಕಾಣುತ್ತದೆ. ನಾವೆಲ್ಲ ಗಡಿಯ ಜನ. ಗಡಿ ಇಲ್ಲದಲ್ಲಿ ಗೆರೆ ಎಳೆದರೆ ಏನಾಗುತ್ತದೆ ಎಂದು ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಹಳೆಯ ಗ್ರೆಪ್ ಈ ವಿಷಯದಲ್ಲಿ ಯಂತ್ರದ ಭಾಷಾ ಹೊಂದಿಕೆಯನ್ನು ನೆಚ್ಚಿಕೊಂಡಿದೆ. ಆದ್ದರಿಂದ ಪ್ರತಿ ಯಂತ್ರದಲ್ಲೂ ಒಮ್ಮೆ ಪರೀಕ್ಷಿಸಿಯೇ ನಂಬಬೇಕು.

ನಾಲ್ಕನೆಯದು ಒಂದೇ ಅಕ್ಷರದ ಎರಡು ರೂಪ. "ಹೊಸೂರು" ಎಂದು ಬರೆಯಿರಿ. ಇದರ ಮೊದಲ ಅಕ್ಷರದ ಒಕಾರವನ್ನು ಒಂದೇ ಚಿಹ್ನೆಯಾಗಿ ಇಡಬಹುದು. ಎಕಾರದ ಚಿಹ್ನೆ, ಅದರ ಮುಂದೆ ಊಕಾರದ ಚಿಹ್ನೆ ಎಂದು ಎರಡಾಗಿಯೂ ಇಡಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದು ಒಪ್ಪಿದೆ. ಪರದೆಯ ಮೇಲೆ, ಕಾಗದದ ಮೇಲೆ ಎರಡೂ ಒಂದೇ. ಆದರೆ ಒಂದು ರೂಪವನ್ನು ಕೊಟ್ಟು ಹುಡುಕಿದರೆ ಇನ್ನೊಂದು ರೂಪದ ಹೊಸೂರು ಸಿಗುವುದಿಲ್ಲ. ಈ ಪರೀಕ್ಷೆಯಲ್ಲಿ ಗ್ರೆಪ್ ಕೂಡ ಸೋಲುತ್ತದೆ, ರಿಪ್‌ಗ್ರೆಪ್ ಕೂಡ ಸೋಲುತ್ತದೆ. ಪರಿಹಾರವೂ ಮುಕ್ತ ತಂತ್ರಾಂಶದಲ್ಲಿಯೇ ಇದೆ. ಯುಕಾನ್ವ್ ಎಂಬ ಸಲಕರಣೆ ಎಲ್ಲ ಕಡತಗಳನ್ನೂ ಒಂದೇ ರೂಪಕ್ಕೆ ತರುತ್ತದೆ. ಹುಡುಕುವ ಮೊದಲು ಕಡತಗಳನ್ನು ಅದರ ಮೂಲಕ ಹಾಯಿಸಿಕೊಳ್ಳಬೇಕು.

ಐದನೆಯದು ಅಕ್ಷರ ಕ್ರಮ. ಹಾಜರಿ ಪಟ್ಟಿಯನ್ನು ಸಾರ್ಟ್ ಎಂಬ ಸಲಕರಣೆಯಿಂದ ಜೋಡಿಸಿ. ಮಂಜುಳಾ, ಮಂಜುಷಾ ಎಂಬ ಇಬ್ಬರು ಹುಡುಗಿಯರಿದ್ದಾರೆ ಎಂದಿಟ್ಟುಕೊಳ್ಳಿ. ವರ್ಣಮಾಲೆಯಲ್ಲಿ ಳಕಾರ ಕೊನೆಯದು. ಆದ್ದರಿಂದ ಮಂಜುಷಾ ಮೊದಲು, ಮಂಜುಳಾ ಆಮೇಲೆ. ಯೂನಿಕೋಡ್ ಸಂಖ್ಯೆಗಳಲ್ಲಿ ಮಾತ್ರ ಲಕಾರದ ಪಕ್ಕದಲ್ಲೇ ಳಕಾರ ಇದೆ. ಹೀಗಾಗಿ ಕೇವಲ ಸಂಖ್ಯೆ ನೋಡಿ ಜೋಡಿಸುವ ಯಂತ್ರ ಮಂಜುಳಾಳನ್ನು ಮೊದಲು ಕರೆಯುತ್ತದೆ. ಇದರಿಂದ ಯಾರಿಗೂ ನಷ್ಟವಿಲ್ಲ ಎನ್ನಬಹುದು. ಆದರೆ ನಿಘಂಟು, ಪುಸ್ತಕ ಭಂಡಾರದ ಪಟ್ಟಿ, ಮತದಾರರ ಪಟ್ಟಿ ಇಂಥವುಗಳಲ್ಲಿ ಇರಬೇಕಾದ ಜಾಗದಲ್ಲಿ ಹೆಸರು ಕಾಣದಿದ್ದರೆ ಜನ ಹೆಸರೇ ಇಲ್ಲವೆಂದು ತಿಳಿದು ಹಿಂದಿರುಗುತ್ತಾರೆ. ಅಲ್ಲಿಯೂ ನಾನು ಮೊದಲು ಹೇಳಿದ ಮಾತೇ: ಸಿಗಲಿಲ್ಲ ಎಂದರೆ ಇಲ್ಲವೆಂದಲ್ಲ.

ಇನ್ನು ಕಾಗದದಲ್ಲೇ ಉಳಿದಿರುವ ದಾಖಲೆಗಳು. ಮುದ್ರಿತ ಪುಟದ ಚಿತ್ರವನ್ನು ನೋಡಿ ಅಕ್ಷರ ಗುರುತಿಸುವ ಟೆಸೆರಾಕ್ಟ್ ಎಂಬ ಮುಕ್ತ ಸಲಕರಣೆ ಇದೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ 1985ರಿಂದ ಸುಮಾರು ಹತ್ತು ವರ್ಷ ಬೆಳೆದ ಇದನ್ನು 2005ರಲ್ಲಿ ಮುಕ್ತಗೊಳಿಸಿದರು. 2018ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಹೊಸ ವಿಧಾನದಲ್ಲಿ ಓದುತ್ತದೆ. ಕನ್ನಡವೂ ಅದಕ್ಕೆ ಬರುತ್ತದೆ. ನಮ್ಮಂಥವರಿಗೆ ಇದರಲ್ಲಿ ಒಂದು ವಿಶೇಷ ಅನುಕೂಲವಿದೆ. ಎರಡು ಭಾಷೆಗಳ ಹೆಸರನ್ನು ಕೂಡಿಸುವ ಗುರುತಿನಿಂದ ಜೋಡಿಸಿ ಕೊಟ್ಟರೆ ಎರಡು ಲಿಪಿಯ ಪುಟವನ್ನೂ ಓದುತ್ತದೆ. ಕಾಸರಗೋಡಿನವರು ಕನ್ನಡದ ಜೊತೆ ಮಲಯಾಳಂ, ಜತ್ತಿನವರು ಮರಾಠಿ, ರಾಯದುರ್ಗದವರು ತೆಲುಗು, ನೀಲಗಿರಿಯವರು ತಮಿಳು ಎಂದು ಕೊಡಬಹುದು. ರಾಜ್ಯದ ಭಾಷೆಯ ಆದೇಶ, ಅದರ ಕೆಳಗೆ ಕನ್ನಡದ ಟಿಪ್ಪಣಿ ಇರುವ ಪುಟಗಳು ನಮ್ಮಲ್ಲಿ ಎಷ್ಟಿಲ್ಲ! ಆದರೆ ಮಸುಕಾದ ಪುಟ, ಒತ್ತಕ್ಷರ, ಕೈಬರಹ ಇವುಗಳಲ್ಲಿ ತಪ್ಪು ಮಾಡುತ್ತದೆ. ಅದು ಕೊಟ್ಟದ್ದನ್ನು ಕನ್ನಡ ಬಲ್ಲವರು ಮೂಲದೊಡನೆ ಹೋಲಿಸಿ ತಿದ್ದಲೇಬೇಕು.

ಹಾಗಾದರೆ ಯಾವುದನ್ನು ಆರಿಸಬೇಕು? ನನ್ನ ಅನುಭವದಿಂದ ಹೇಳುವುದಾದರೆ ಕಲಿಯುವುದನ್ನು ಗ್ರೆಪ್‌ನಿಂದಲೇ ಪ್ರಾರಂಭಿಸಿ. ಲಿನಕ್ಸ್ ಯಂತ್ರದಲ್ಲಿ ಅದನ್ನು ಬೇರೆ ಹಾಕಿಕೊಳ್ಳಬೇಕಾಗಿಲ್ಲ, ಇಂಟರ್‌ನೆಟ್ ಬೇಕಾಗಿಲ್ಲ. ಅದು ಕೈಗೆ ಬಂದರೆ ಉಳಿದವು ಸುಲಭ. ಬೇರೆ ಬೇರೆ ಕಾಲದ, ಬೇರೆ ಬೇರೆ ಯಂತ್ರದ ಕನ್ನಡ ಕಡತಗಳಲ್ಲಿ ಹುಡುಕುವಾಗ ರಿಪ್‌ಗ್ರೆಪ್ ಇಟ್ಟುಕೊಳ್ಳಿ. ಆ್ಯಕ್ ಮತ್ತು ಸಿಲ್ವರ್ ಸರ್ಚರ್ ಒಳ್ಳೆಯವೇ. ಆದರೆ ಅವು ತಂತ್ರಾಂಶದ ಕಡತಗಳನ್ನೇ ಮನಸ್ಸಿನಲ್ಲಿಟ್ಟು ಮಾಡಿದವು. ನಮ್ಮ ಕೆಲಸಕ್ಕೆ ಮೊದಲಿನ ಎರಡು ಸಾಕು. ಲೈಸೆನ್ಸಿನ ವಿಷಯದಲ್ಲಿ ಗ್ರೆಪ್ ಗ್ನೂ ಸಾರ್ವಜನಿಕ ಲೈಸೆನ್ಸಿನಲ್ಲಿದೆ. ತಿದ್ದಿದ್ದನ್ನು ಹಂಚುವವರು ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕು. ರಿಪ್‌ಗ್ರೆಪ್, ಟೆಸೆರಾಕ್ಟ್‌ಗಳಿಗೆ ಅಂಥ ಕಟ್ಟು ಇಲ್ಲ. ಶಾಲೆಯ ಬಳಕೆಗೆ ಇವೆಲ್ಲವೂ ನಿರಾತಂಕ. ಯಾವ ಶಾಲೆಯೂ ಇವಕ್ಕಾಗಿ ಹಣವಿಲ್ಲ ಎನ್ನಬೇಕಾಗಿಲ್ಲ.

ಕೇರಳದ ನಮ್ಮ ಶಾಲೆಗಳಿಗೆ ಇದು ಇನ್ನೂ ಹತ್ತಿರ. ಅಲ್ಲಿ 2001ರಲ್ಲಿ ಪ್ರಾರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಲ್ಲಿ ಕೈಟ್ ಸಂಸ್ಥೆಯಾಗಿ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಗ್ನೂ ಲಿನಕ್ಸ್ ಮುಕ್ತ ವ್ಯವಸ್ಥೆಯನ್ನೇ ಕೊಟ್ಟಿದೆ. ಎಂದರೆ ಟರ್ಮಿನಲ್, ಗ್ರೆಪ್, ಡಬ್ಲ್ಯೂಸಿ, ಸಾರ್ಟ್ ಇವೆಲ್ಲ ನಿಮ್ಮ ಮಗು ಕುಳಿತುಕೊಳ್ಳುವ ಯಂತ್ರದಲ್ಲಿ ಈಗಾಗಲೇ ಇವೆ. ಉಳಿದ ರಾಜ್ಯಗಳ ಬಂಧುಗಳು ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿಕೊಂಡರೂ ಸಾಕು.

ಹಕ್ಕಿನ ಮಾತನ್ನೂ ಹೇಳಿಬಿಡುತ್ತೇನೆ. ವಿಶಿಷ್ಟ ಭಾಷೆ, ಲಿಪಿ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೇ ವಿಧಿ ಕೊಟ್ಟಿದೆ. ಲಿಪಿ ಎಂಬ ಪದವೇ ಅಲ್ಲಿದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆನ್ನುತ್ತದೆ. 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿಯೇ ಅಹವಾಲು ಸಲ್ಲಿಸಬಹುದು. ಇಂದಿನ ಶಾಲೆಯಲ್ಲಿ ಕಂಪ್ಯೂಟರ್ ಪಾಠವೂ ಶಿಕ್ಷಣದ ಒಂದು ಅಂಗ. ಅದರ ಪಾಠ, ಅಭ್ಯಾಸದ ಹಾಳೆ, ಪರೀಕ್ಷೆ ಕನ್ನಡದಲ್ಲಿ ಇರಬೇಕು, ಕಲಿಸುವವರಿಗೆ ಕನ್ನಡ ಬರಬೇಕು ಎಂದು ಕೇಳುವುದು ಅತಿಯಾಸೆಯಲ್ಲ. ಹಾಗೆ ಕೇಳುವಾಗ ಹಿಂದಿನ ಪತ್ರಗಳ ಪಟ್ಟಿಯನ್ನು, ತಾರೀಖಿನ ಸಮೇತ, ಜೊತೆಗಿಡಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಕೊನೆಗೆ ಆ ತಾಯಿಯ ಪ್ರಶ್ನೆಗೆ ಮರಳುತ್ತೇನೆ. ಅಕ್ಕಾ, ಮಗಳನ್ನು ಅಲ್ಲಿಂದ ಬಿಡಿಸಬೇಡಿ. ನಾನು ಹೇಳಿದ ಐದು ಪರೀಕ್ಷೆಗಳನ್ನು ಇನ್ನೊಮ್ಮೆ ಯೋಚಿಸಿ ನೋಡಿ. ಒತ್ತಕ್ಷರ ಎಲ್ಲಿ ಒಡೆಯಬಾರದು, ಳಕಾರ ಎಲ್ಲಿ ಬರಬೇಕು, ಪದ ಎಲ್ಲಿ ಮುಗಿಯುತ್ತದೆ, ಇವನ್ನು ಯಂತ್ರಕ್ಕೆ ಹೇಳಿಕೊಡಬೇಕಾದವರು ಯಾರು? ಕನ್ನಡದಲ್ಲಿ ಓದು ಬರಹ ಕಲಿತವರು. ನಿಮ್ಮ ಮಗಳು ಮೂರು ಎಂದು ಎಣಿಸಿದ್ದು ಸರಿ, ಯಂತ್ರ ಹೇಳಿದ್ದು ಬೇರೆ ಲೆಕ್ಕ ಎಂದು ತಿಳಿಯಲು ಆಕೆಗೆ ಎರಡೂ ಗೊತ್ತಿರಬೇಕು. ಯಂತ್ರದ ಲೆಕ್ಕವನ್ನು ಯಾವ ಊರಿನಲ್ಲಾದರೂ ಕಲಿಯಬಹುದು. ಮೂರು ಎಂಬ ಉತ್ತರ ಮಾತ್ರ ಅವಳಿಗೆ ನಮ್ಮ ಶಾಲೆಯಲ್ಲಿ ಸಿಗುತ್ತದೆ.

ಯೂನಿಕೋಡಿನಲ್ಲಿ "ಕ" ಅಕ್ಷರದ ಸಂಖ್ಯೆ 3221. ಬೆಂಗಳೂರಿನಲ್ಲಿ ಬರೆದರೂ ಅದೇ, ಸೊಲ್ಲಾಪುರದಲ್ಲಿ, ಆದೋನಿಯಲ್ಲಿ, ವಯನಾಡಿನಲ್ಲಿ ಬರೆದರೂ ಅದೇ. ಅಲ್ಲಿ ನಮ್ಮನ್ನು ಯಾರೂ ಹೊರಗಿಟ್ಟಿಲ್ಲ. ಸಲಕರಣೆಗಳು ಕೈಗೆಟಕುವ ಹಾಗೆ ಇವೆ, ಬಾಗಿಲು ತೆರೆದಿದೆ. ಮುಂದಿನ ಸಭೆಗೆ ಬರುವಾಗ ಪ್ರತಿ ಶಾಲೆಯವರೂ ಎರಡು ಕೆಲಸ ಮಾಡಿಕೊಂಡು ಬನ್ನಿ ಎಂದು ಕೇಳಿಕೊಳ್ಳುತ್ತೇನೆ. ಒಂದು, ನಿಮ್ಮ ಹಳೆಯ ಕಡತಗಳು ಯಾವ ಸಂಕೇತದಲ್ಲಿವೆ ಎಂಬ ಪಟ್ಟಿ. ಎರಡು, ಈ ಐದು ಪರೀಕ್ಷೆಗಳನ್ನು ನಿಮ್ಮ ಶಾಲೆಯ ಯಂತ್ರದಲ್ಲಿ ಮಕ್ಕಳೇ ಮಾಡಿ, ಮಕ್ಕಳೇ ಕನ್ನಡದಲ್ಲಿ ಬರೆದ ಫಲಿತಾಂಶ. ಅದನ್ನು ಓದಲು 1956ರಿಂದ ಇಲ್ಲಿಯವರೆಗೆ ಕಾದಿರುವ ಎಷ್ಟೋ ಹಿರಿಯರು ಈ ಸಭೆಯಲ್ಲಿದ್ದಾರೆ.